ಪುಟ 312, ಕಾಣಲಿಲ್ಲ

ಸೋಮವಾರ, ಫೆಬ್ರವರಿ 10. ಸಂಜೆ 6

ನಲವತ್ತೊಂದು ಕಾರ್ಡ್ ಮುಗಿಯಿತು. ಹೆಬ್ಬೆರಳು ನೀಲಿ, ತೋರುಬೆರಳು ನೀಲಿ, ಕನ್ನಡಕದ ಕಡ್ಡಿಯೂ ನೀಲಿ. ಬಾಗಿಲಲ್ಲೇ ಅತ್ತೆ— "ಏನೇ, ಇವತ್ತೂ ಯಾರದ್ದೋ ಆಸ್ತಿಗೆ ಹೆಬ್ಬೆಟ್ಟು ಒತ್ತಿ ಬಂದ್ಯಾ?"

ನೂರನೇ ಸಲ ವಿವರಿಸಿದೆ. ವಿಶ್ವಕೋಶದಲ್ಲಿ ಒಂದು ವಾಕ್ಯಕ್ಕೆ ಒಂದು ಕಾರ್ಡ್. ಮೇಲೆ ವಾಕ್ಯ, ಕೆಳಗೆ ಆಧಾರ—ಯಾವ ಪುಸ್ತಕ, ಎಷ್ಟನೇ ಪುಟ. ನಾನು ಆ ಪುಸ್ತಕ ಹುಡುಕಿ, ಆ ಪುಟ ತೆರೆದು, ಕಣ್ಣಾರೆ ನೋಡಿ, ಮೂಲೆಯಲ್ಲಿ "ಕಂಡೆ" ಅಂತ ಮೊಹರು ಒತ್ತಿ ಸಹಿ ಹಾಕಬೇಕು. ಮೊಹರಿಲ್ಲದ ವಾಕ್ಯ ಅಚ್ಚಿಗೆ ಹೋಗುವಂತಿಲ್ಲ.

"ಕಾಣದೇ ಒತ್ತಿದ್ರೆ?"

"ಹಾಗೆ ಮಾಡಬಾರದು ಅತ್ತೆ."

"ಮಾಡಬಾರದು ಅಂತ ಗೊತ್ತು. ಮಾಡಿದ್ರೆ ಏನಾಗತ್ತೆ ಅಂತ ಕೇಳಿದ್ದು."

ಕೈ ತೊಳೆಯಲು ಹೋದೆ. ಸೋಪು ಮುಗಿದಿತ್ತು.

ಓದಿದವರ ಕೈ ಶುದ್ಧ ಅಂದವರು ಯಾರು?
ಶಾಯಿಯ ಕಲೆಗಿಲ್ಲ ಸೋಪಿನ ದರಕಾರು.

ಪ್ರಾಸ ಕೂತಿದೆ. ಮಿಕ್ಕಿದ್ದು ನಿಂತಿದೆ. ಇರಲಿ, ಓದುವವರು ಯಾರು.


ಗುರುವಾರ, ಫೆಬ್ರವರಿ 13. ಮಧ್ಯಾಹ್ನ, ಆಫೀಸು

ರೋಮ್ ಸಂಪುಟ, ಮೂರನೇ ಮುದ್ರಣ. "ಸಾಮ್ರಾಜ್ಯ ಮತ್ತು ಆದಿ ಕ್ರೈಸ್ತರು" ಎಂಬ ಲೇಖನ. ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ನೋಡಬೇಕು. ಇನ್ನೂರ ಹದಿಮೂರರವರೆಗೆ ಸಲೀಸು.

ಇನ್ನೂರ ಹದಿನಾಲ್ಕು—

"ಮುನ್ನೂರು ವರ್ಷ ಎಡೆಬಿಡದೆ ಹರಿದ ನೆತ್ತರಿನಲ್ಲಿ ಲಕ್ಷೋಪಲಕ್ಷ ನಿರಪರಾಧಿಗಳು ಸಿಂಹಗಳ ಪಾಲಾದರು."

ಮೇಷ್ಟ್ರ ಅಕ್ಷರ. ಆಗಿನ ಪ್ರಧಾನ ಸಂಪಾದಕರು, ನನಗೆ ಈ ಕೆಲಸ ಕಲಿಸಿದವರು. ಆಧಾರ: ಹಳೆಯದೊಂದು ಚರ್ಚ್ ಇತಿಹಾಸ, ಎರಡನೇ ಸಂಪುಟ, ಪುಟ 312. ಮೂಲೆಯಲ್ಲಿ "ಕಂಡೆ". ಅದರ ಕೆಳಗೆ ಗುಂಡಗಿನ, ಗೆರೆ ಎಳೆದ, ಬಾಲ ಬಿಟ್ಟ ಒಂದು ಸಹಿ. ಯಾರ ಜಂಬದ ಸಹಿಯಪ್ಪಾ ಇದು ಅಂತ ಬಗ್ಗಿ ನೋಡಿದೆ.

ನಂದೇ. ಇಪ್ಪತ್ತೊಂದು ವರ್ಷದ ಹಿಂದಿನದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು.

ಪುಟ 312 ನಾನು ಕಂಡಿಲ್ಲ. ಆ ಪುಸ್ತಕವನ್ನೇ ಕಂಡಿಲ್ಲ. ಆ ದಿನ ಚೆನ್ನಾಗಿ ನೆನಪಿದೆ. ಎರಡನೇ ಮುದ್ರಣದ ಅವಸರ. "ಸಾರ್, ಈ ಪುಸ್ತಕ ಸಿಕ್ತಿಲ್ಲ" ಅಂದೆ. ಮೇಷ್ಟ್ರು ತಲೆ ಎತ್ತದೆ— "ನಾನು ಕಂಡಿದ್ದೀನಮ್ಮ. ನೀನು ಒತ್ತು." ಒತ್ತಿದೆ. ಮೇಷ್ಟ್ರ ಮಾತು ಅಂತ ಮಾತ್ರ ಅಲ್ಲ, ನಿಜ ಹೇಳಬೇಕು... ವಾಕ್ಯ ಓದಲು ಚೆನ್ನಾಗಿತ್ತು. ಲಯ ಇತ್ತು. ಲಯ ಇದ್ದಲ್ಲಿ ನನಗೆ ಸಂಶಯ ಬರುವುದು ತಡ. ಮದುವೆಯ ವಿಷಯದಲ್ಲೂ ಹಾಗೇ ಆಯಿತು—ಆದರೆ ಅಲ್ಲಿ ಅದೃಷ್ಟ ಚೆನ್ನಾಗಿತ್ತು.

ಈ ವಾಕ್ಯ ಆಮೇಲೆ ಶಾಲೆಯ ಪಠ್ಯಕ್ಕೆ ಹೋಯಿತು. ಪ್ರಶ್ನೆಪತ್ರಿಕೆಗೆ ಹೋಯಿತು. ಭಾಷಣಗಳಿಗೆ ಹೋಯಿತು. ಎಲ್ಲರೂ ಆಧಾರ ಕೊಡುವುದು ವಿಶ್ವಕೋಶವನ್ನೇ. ವಿಶ್ವಕೋಶಕ್ಕೆ ಆಧಾರ ನನ್ನ ಸಹಿ.


ಶುಕ್ರವಾರ, ಫೆಬ್ರವರಿ 14

ನಮ್ಮ ಲೈಬ್ರರಿಯ ದಾಖಲೆ ಪುಸ್ತಕ ಮೊದಲಿಂದ ಕೊನೆಯವರೆಗೆ ನೋಡಿದೆ. ಆ ಚರ್ಚ್ ಇತಿಹಾಸ ನಮ್ಮಲ್ಲಿ ಕಳೆದುಹೋಗಿಲ್ಲ. ಬಂದೇ ಇಲ್ಲ.

ಪಕ್ಕದ ಮೇಜಿನ ಭೂಗೋಳ ಇಣುಕಿದರು. ನದಿ, ಬೆಟ್ಟ, ಸರೋವರ ಎಲ್ಲ ಅವರದೇ ವಿಭಾಗ. ನಿವೃತ್ತಿಗೆ ಎಂಟು ತಿಂಗಳು. "ಏನು ಪ್ರಾಸಕ್ಕ, ಮುಖ ಬರಗಾಲ?"

ಹೇಳಿದೆ.

"ಅಷ್ಟೇನಾ? ನಾನು ನದಿಗಳಿಗೆ ಟೀ ಕುಡೀತಾ ಒತ್ತಿಬಿಡ್ತೀನಿ. ಎಲ್ಲಿಗೆ ಓಡಿಹೋಗ್ತವೆ?"

"ಸಮುದ್ರಕ್ಕೆ."

"ಅದಕ್ಕೆ ಪುಟ ಸಂಖ್ಯೆ ಬೇಕೇನು?"


ಶನಿವಾರ, ಫೆಬ್ರವರಿ 22. ಸಂಜೆ

ಸೆಮಿನರಿ (ಪಾದ್ರಿಗಳಾಗುವವರ ಕಾಲೇಜು) ಲೈಬ್ರರಿಗೆ ಹೋಗಿ ಬಂದೆ. ಎರಡು ಬಸ್ಸು, ಒಂದು ಏರು. ಅಲ್ಲಿನ ಫಾದರಿಗೆ ಎಪ್ಪತ್ತಾರು. ಗ್ರೀಕ್ ಬಲ್ಲವರು. ಕನ್ನಡದಲ್ಲೇ ಬಿ.ಎ. ಮಾಡಿದ ನನಗೆ ಗ್ರೀಕ್ ಅಕ್ಷರ ತಿದ್ದಿಸಿದವರೂ ಅವರೇ. "ಕನ್ನಡದ ಒತ್ತಕ್ಷರ ಕಲ್ತೋಳಿಗೆ ಇದೇನು ಮಹಾ" ಅಂತ ಬೈದು ಕಲಿಸಿದರು.

"ಬಾಮ್ಮ, ವಿಶ್ವಕೋಶ. ವಿಶ್ವದಲ್ಲಿ ಇವತ್ತೇನು ಕಳೆದುಹೋಯ್ತು?"

"ಒಂದು ಪುಟ ಫಾದರ್. ಮುನ್ನೂರ ಹನ್ನೆರಡು."

ಏಣಿ ಹತ್ತಿದರು. ನಾನು ಹತ್ತುತ್ತೇನೆ ಅಂದರೆ ಕೇಳಲಿಲ್ಲ. "ನೀನು ಬಿದ್ರೆ ನಿಮ್ಮನೇವ್ರು ನನ್ನನ್ನ ತೂಕಕ್ಕೆ ಹಾಕ್ತಾರೆ." (ಮನೆಯವರು ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ತಕ್ಕಡಿಗಳ ಯಮ.) ಎರಡನೇ ಸಂಪುಟ ಇಳಿಯಿತು. ತೆಳ್ಳಗಿದೆ.

286. 288. 290. ಆಮೇಲೆ ಖಾಲಿ ಹಾಳೆ. ಆಮೇಲೆ ರಟ್ಟು.

ಫಾದರ್ ಇನ್ನೊಮ್ಮೆ ತಿರುವಿದರು. "ಮುನ್ನೂರ ಹನ್ನೆರಡು ಬೇಕೇ ಬೇಕು ಅಂದ್ರೆ ಇನ್ನು ಇಪ್ಪತ್ತೆರಡು ಪುಟ ನೀನೇ ಬರೀಬೇಕು."

"ಬೇರೆ ಮುದ್ರಣ ಇರಬಹುದಾ?"

"ಇದು ಒಂದೇ ಸಲ ಅಚ್ಚಾಗಿದ್ದು. ಎರಡನೇ ಸಲಕ್ಕೆ ಓದೋರು ಸಿಗ್ಲಿಲ್ಲ."

ಮೊದಲ ಸಂಪುಟದ 312 ನೋಡಿದೆ. ಬಿಷಪ್ ಆಯ್ಕೆಯ ಜಗಳ. ಸಿಂಹ ಹಾಗಿರಲಿ, ಬೆಕ್ಕೂ ಇಲ್ಲ.

ಫಾದರಿಗೆ ವಾಕ್ಯ ಓದಿ ಹೇಳಲು ಸಂಕೋಚವಾಗಿತ್ತು. ಅವರ ಮತದ ಹುತಾತ್ಮರ ವಿಷಯ. ಓದಿದೆ. ಕಣ್ಣು ಮುಚ್ಚಿ ಕೇಳಿದರು.

"ಸತ್ತಿದ್ದು ಸುಳ್ಳಲ್ಲಮ್ಮ. ರೋಮಿನ ಬಿಷಪ್ಪೇ ಸತ್ತ. ಆದ್ರೆ ಎಡೆಬಿಡದೆ ಮುನ್ನೂರು ವರ್ಷ? ಇಲ್ಲ. ಮೊದಲ ಇನ್ನೂರು ವರ್ಷ ಅಲ್ಲೊಂದು ಊರು, ಇಲ್ಲೊಬ್ಬ ಗವರ್ನರ್ರು. ಟ್ರಾಜನ್ ಚಕ್ರವರ್ತಿ ತನ್ನ ಗವರ್ನರಿಗೆ ಬರೆದದ್ದು ಏನು? ಹುಡುಕ್ಕೊಂಡು ಹೋಗ್ಬೇಡ, ಸಹಿ ಇಲ್ಲದ ದೂರು ತಗೋಬೇಡ, ಆದ್ರೆ ರುಜುವಾತಾದ್ರೆ ಶಿಕ್ಷೆ ಕೊಡು."

"ಅಂದ್ರೆ ಕೊಲ್ಲು, ಆದ್ರೆ ಕಾಗದಪತ್ರ ಸರಿ ಇರಲಿ."

"ಆಫೀಸಲ್ಲಿ ಕೆಲಸ ಮಾಡೋಳು ನೀನು, ಬೇಗ ಅರ್ಥ ಆಗತ್ತೆ." ಕಣ್ಣು ಬಿಟ್ಟರು. "ಒಬ್ಬ ಸತ್ತ ಅನ್ನೋಕೆ ಆಧಾರ ಇದ್ರೆ ಅವನಿಗೊಂದು ಹೆಸರಿರತ್ತೆ, ಊರಿರತ್ತೆ. ಲಕ್ಷ ಅಂದ್ಬಿಟ್ರೆ ಆ ಒಬ್ಬನೂ ರಾಶಿಯಲ್ಲಿ ಕಳೆದುಹೋಗ್ತಾನೆ. ಸತ್ತವರಿಗೆ ನಾವು ಮಾಡೋ ಎರಡನೇ ಅನ್ಯಾಯ ಅದು."

ಆಮೇಲೆ ಒಂದು ಫೋಟೋ ತೋರಿಸಿದರು. ಈಜಿಪ್ಟಿನ ಮರಳಲ್ಲಿ ಸಿಕ್ಕ ಕಾಗದ—ಕಾಗದವಲ್ಲ, ಪಪೈರಸ್. ಗೇಣುದ್ದ, ನಾಲ್ಕು ಬೆರಳಗಲ. ಕ್ರಿಸ್ತಶಕ 250. ಡೀಷಿಯಸ್ ಚಕ್ರವರ್ತಿಯ ಆಜ್ಞೆ: ಸಾಮ್ರಾಜ್ಯದವರೆಲ್ಲ ದೇವತೆಗಳಿಗೆ ಬಲಿ ಕೊಡಬೇಕು, ಕೊಟ್ಟದ್ದಕ್ಕೆ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಅಂಥವು ನಲವತ್ತಕ್ಕೂ ಹೆಚ್ಚು ಉಳಿದಿವೆಯಂತೆ. ಎಲ್ಲದರ ಒಕ್ಕಣೆ ಹೆಚ್ಚುಕಡಿಮೆ ಒಂದೇ—ನಾನು ಯಾವತ್ತೂ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮೆದುರಿಗೇ ಕೊಟ್ಟೆ, ಬಲಿಯದನ್ನು ತಿಂದೆ, ದಯವಿಟ್ಟು ದೃಢೀಕರಿಸಿ. ಹೆಸರು, ಊರು ಮಾತ್ರ ಬೇರೆ. ಅದರಲ್ಲೊಂದು ಮೊಸಳೆ ದೇವರ ಪೂಜಾರಿಣಿಯದು! ಹುಟ್ಟಿದಾಗಿನಿಂದ ಮೊಸಳೆಗೆ ಪೂಜೆ ಮಾಡಿಕೊಂಡಿದ್ದವಳೂ ಕ್ಯೂ ನಿಂತು, ತಾನು ದೇವರಿಗೆ ವಿರೋಧಿಯಲ್ಲ ಅಂತ ಬರೆಸಿಕೊಂಡಿದ್ದಾಳೆ. ಅಂದರೆ ಆಜ್ಞೆ ಕ್ರೈಸ್ತರಿಗೆ ಮಾತ್ರ ಅಲ್ಲ. ದೊರೆಗೆ ಬೇಕಾಗಿದ್ದದ್ದು ಎಲ್ಲರ ತಲೆ ಬಾಗುವುದು. ತಲೆಯೊಳಗೆ ಏನಿದೆ ಅನ್ನುವುದು ಆಮೇಲಿನ ಮಾತು.

"ಕೊನೆ ಸಾಲು ನೋಡು" ಅಂದರು. ಬೇರೆ ಕೈಬರಹ. ಅಧಿಕಾರಿಗಳದು. ಅಕ್ಷರ ಅಕ್ಷರ ಕೂಡಿಸಿ ನಾನೇ ಓದಿದೆ.

ನೀನು ಬಲಿ ಕೊಡುವುದನ್ನು ನಾವು ಕಂಡೆವು.

ಕಂಡೆವು.

ಕಂಡಿದ್ದರೋ ಇಲ್ಲವೋ. ಬಲಿ ಕೊಡದೆ ಬರೀ ಸರ್ಟಿಫಿಕೇಟ್ ಪಡೆದ ಕ್ರೈಸ್ತರೂ ಬಹಳ ಇದ್ದರಂತೆ. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಬಿಷಪ್‌ಗಳಲ್ಲಿ ವರ್ಷಗಟ್ಟಲೆ ಜಗಳ. ಪಡೆದವರ ಪಾಪದ ಬಗ್ಗೆ ಗ್ರಂಥಗಟ್ಟಲೆ ಇದೆ. ಕಾಣದೆ "ಕಂಡೆವು" ಅಂತ ಬರೆದುಕೊಟ್ಟವರ ಬಗ್ಗೆ ಯಾರೂ ಜಗಳವಾಡಿಲ್ಲ.

ನೀಲಿ ಬೆರಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಫಾದರ್ ನೋಡಿದರು. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. "ಒಂದು ತಿಂಗಳು ಇಟ್ಕೋ. ಇಲ್ಲದ ಪುಟ ತೋರಿಸೋಕೂ ಪುಸ್ತಕ ಬೇಕಲ್ಲ."


ಭಾನುವಾರ, ಫೆಬ್ರವರಿ 23. ಬೆಳಗ್ಗೆ

ಹೊಸ ವಾಕ್ಯಗಳನ್ನು ಬರೆದೆ. ಹದಿನಾರು ಕಾರ್ಡ್, ಹದಿನಾರಕ್ಕೂ ಆಧಾರ ನಿನ್ನೆ ಕಣ್ಣಾರೆ ಕಂಡದ್ದು. ದಮನ ಅಲ್ಲಲ್ಲಿ, ಆಗಾಗ. 250ಕ್ಕೆ ಮುಂಚೆ ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸುವ ಆಜ್ಞೆ ಇತ್ತೆನ್ನಲು ಆಧಾರವಿಲ್ಲ. 303ರಿಂದ ಇನ್ನೊಂದು ದೊಡ್ಡ ಅಲೆ. ರಕ್ಷಕ, ದೇವಪುತ್ರ, ಶುಭವಾರ್ತೆ—ಈ ಮಾತುಗಳು ಮೊದಲೇ ಚಕ್ರವರ್ತಿಯನ್ನು ಹೊಗಳುವ ಕಲ್ಲುಗಳಲ್ಲಿದ್ದವು. ಅದೇ ಮಾತುಗಳನ್ನು, ಅದೇ ಸಾಮ್ರಾಜ್ಯ ಶಿಲುಬೆಗೇರಿಸಿದ ಬಡಗಿಯೊಬ್ಬನಿಗೆ ಅಂದರು ಈ ಜನ. ದೊರೆಯ ಬಾಯಿಂದಲೇ ಮಾತು ಕಿತ್ತುಕೊಂಡ ಹಾಗೆ. ಸಿಂಹ ಇಲ್ಲದೆಯೇ ಕಥೆಗೆ ಎಷ್ಟು ಹಲ್ಲಿದೆ!

ಕೊನೆಗೊಂದು ಅಡಿಟಿಪ್ಪಣಿ: "ಹಿಂದಿನ ಮುದ್ರಣದ ಸಿಂಹಗಳ ವಾಕ್ಯಕ್ಕೆ ಆಧಾರವಿಲ್ಲ. ಕಾಣದೆ ಮೊಹರು ಒತ್ತಿದವಳು ಈ ಲೇಖನದ ಪರಿಶೀಲಕಿ."

ಅತ್ತೆಗೆ ಓದಿ ಹೇಳಿದೆ.

"ಸಿಂಹ ಎಷ್ಟು ಜನಾನ ತಿಂತು ಅಂತ ಈಗ ಗೊತ್ತಾಗಿ, ಸಿಂಹದ ಮೇಲೆ ಕೇಸ್ ಹಾಕ್ತೀಯಾ?"

"ಇಲ್ಲ ಅತ್ತೆ. ನನ್ನ ಮೇಲೆ."

"ಅವತ್ತು ಕೇಳಿದ್ನಲ್ಲ, ಕಾಣದೇ ಒತ್ತಿದ್ರೆ ಏನಾಗತ್ತೆ ಅಂತ. ಇದಾ?"

"ಇದೇ."


ಸೋಮವಾರ, ಮಾರ್ಚ್ 3

ಹೊಸ ನಿರ್ದೇಶಕರ ಕೋಣೆ. ಎ.ಸಿ. ಚಳಿ. ಮೇಜಿನ ಮೇಲೆ ಸನ್ಮಾನ ಸಮಾರಂಭದ ಆಹ್ವಾನ ಪತ್ರಿಕೆಯ ಪ್ರೂಫ್. ಮೇಷ್ಟ್ರಿಗೆ ಎಂಬತ್ತು, ಮಾರ್ಚ್ 20ಕ್ಕೆ ಅವರ ಕೈಯಲ್ಲೇ ರೋಮ್ ಸಂಪುಟ ಬಿಡುಗಡೆ.

ನನ್ನ ಹದಿನಾರು ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಹರಡಿ ನೋಡಿದರು.

"ಮೇಡಂ, ಇದು ಎಡಿಟಿಂಗ್ ಅಲ್ಲ. ಆತ್ಮಕಥೆ."

"ಒಂದೇ ಸಾಲು ಸಾರ್."

"ಆ ಸಾಲಲ್ಲಿ ಮೇಷ್ಟ್ರ ಮರ್ಯಾದೆ ಹೋಗತ್ತೆ. ಅದೂ ಅವರ ಸನ್ಮಾನದ ದಿನ!"

"ಅಡಿಟಿಪ್ಪಣಿಯಲ್ಲಿ ಅವರ ಹೆಸರೇ ಇಲ್ಲ. ನಂದಿದೆ."

"ಮೂಲ ಕಾರ್ಡ್ ಅವರ ಕೈಬರಹ. ಜನ ದಡ್ಡರಲ್ಲ." ಕುರ್ಚಿ ಹಿಂದಕ್ಕೆ ವಾಲಿತು. "ನೋಡಿ, ಲಕ್ಷವೋ, ಸಾವಿರವೋ, ಒಟ್ಟು ಸತ್ತರು ತಾನೆ? ಸತ್ತೇ ಇಲ್ಲ ಅಂತ ಹೇಳಿದ ಹಾಗಾಗತ್ತೆ. ಒಂದು ಕಡೆಯವರು ಬಂದು ಗಲಾಟೆ ಮಾಡ್ತಾರೆ, ಇನ್ನೊಂದು ಕಡೆಯವರು ಬಂದು ಹಾರ ಹಾಕ್ತಾರೆ. ನನಗೆ ಎರಡೂ ಬೇಡ."

"ಸತ್ತೇ ಇಲ್ಲ ಅಂತ ನಾನೆಲ್ಲೂ ಬರೆದಿಲ್ಲ. ಸತ್ತವರ ಹೆಸರು, ಊರು ಒಂಬತ್ತನೇ ಕಾರ್ಡಿನಲ್ಲಿದೆ, ಓದಿ ಸಾರ್."

ಓದಲಿಲ್ಲ. "ಹೊಸ ಕಾರ್ಡ್ ಬೇಡ. ಹಳೆ ಕಾರ್ಡಿಗೆ ಹೊಸ ಮೊಹರು. ಸಂಪುಟದ ಆರುನೂರ ಹನ್ನೊಂದಕ್ಕೂ, ಮುಂದಿನ ಸೋಮವಾರದೊಳಗೆ. ನಿಮ್ಮ ಕಾಂಟ್ರಾಕ್ಟ್ ರಿನ್ಯೂವಲ್ ನನ್ನ ಟೇಬಲ್ ಮೇಲಿದೆ. ಈ ತಿಂಗಳ ಕೊನೆ ಅಲ್ವಾ?"

ಇಪ್ಪತ್ತೊಂದು ವರ್ಷದಿಂದ ಪ್ರತಿ ಮಾರ್ಚ್‌ನಲ್ಲೂ ಅದೇ ಕಾಗದ, ಅದೇ ಒಕ್ಕಣೆ. ಹೆಸರು, ತಾರೀಖು ಮಾತ್ರ ಬೇರೆ. ಮೊಸಳೆ ಪೂಜಾರಿಣಿ ನೆನಪಾದಳು. ನಗು ಬಂತು. ನಗಬಾರದಿತ್ತು.


ಮಂಗಳವಾರ, ಮಾರ್ಚ್ 4

ಆಫೀಸಿನಲ್ಲಿ ಟಪ್ ಟಪ್ ಟಪ್. ಎಲ್ಲರೂ ಒತ್ತುತ್ತಿದ್ದಾರೆ. ಎಲ್ಲ ವಿಭಾಗಗಳಿಗೂ ಅದೇ ಸೋಮವಾರ. ಪುಸ್ತಕದ ಬೀರುಗಳು ಮುಚ್ಚಿದ ಹಾಗೇ ಇವೆ. ಭೂಗೋಳ ಒಂದು ಟೀಯಲ್ಲಿ ಎಂಬತ್ತು ನದಿ ದಾಟಿದರು.

ನಾನು ಇಡೀ ದಿನಕ್ಕೆ ಹತ್ತೊಂಬತ್ತು. ತೆರೆದು, ನೋಡಿ, ಒತ್ತಿದೆ.

"ಪ್ರಾಸಕ್ಕ, ನಿಮ್ಮ ಸ್ಪೀಡಿಗೆ ರೋಮ್ ಸಾಮ್ರಾಜ್ಯ ಇನ್ನೊಂದ್ಸಲ ಹುಟ್ಟಿ ಬೀಳತ್ತೆ" ಅಂದರು.

ಸಂಜೆ ಮನೆಯವರಿಗೆ ಎಲ್ಲ ಹೇಳಿದೆ. ಅವರು ಮಾತಿನಲ್ಲಿ ಗ್ರಾಂ ಲೆಕ್ಕದ ಮನುಷ್ಯ. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಆಮೇಲೆ—

"ನಮ್ಮಲ್ಲಿ ಎರಡು ಮೊಹರು ಕೊಡ್ತಾರೆ. ಸರಿ ಇರೋ ತಕ್ಕಡಿಗೆ ಒಂದು, ತಪ್ಪು ತಕ್ಕಡಿಗೆ ಒಂದು. ವರ್ಷವೆಲ್ಲ ಎರಡನೇದನ್ನ ಮುಟ್ಟದ ಇನ್ಸ್‌ಪೆಕ್ಟರ್ ಇದ್ರೆ, ನಾವು ತಕ್ಕಡಿ ನೋಡಲ್ಲ. ಇನ್ಸ್‌ಪೆಕ್ಟರ್‌ನ ನೋಡ್ತೀವಿ."

"ರೀ, ನಮ್ಮಲ್ಲಿ ಒಂದೇ ಮೊಹರು."

"ಒಂದೇ ಮೊಹರಿರೋ ಆಫೀಸು ಇರಲ್ಲ. ಹುಡುಕು."


ಬುಧವಾರ, ಮಾರ್ಚ್ 5

ಇದೆ!

ಮೇಷ್ಟ್ರ ಹಳೆಯ ಮೇಜು, ಕೆಳಗಿನ ಡ್ರಾಯರು. ಪರಿಶೀಲನಾ ನಿಯಮಗಳ ಮೂವತ್ತನಾಲ್ಕು ವರ್ಷದ ಹಿಂದಿನ ಹಳದಿ ಪುಸ್ತಿಕೆ, ಅದರ ಪಕ್ಕ ಒಂದು ರಟ್ಟಿನ ಡಬ್ಬಿ. ಒಳಗೆ ಮರದ ಹಿಡಿಯ ಮೊಹರು, ಇನ್ನೂ ಎಣ್ಣೆಕಾಗದದಲ್ಲೇ.

"ಕಾಣಲಿಲ್ಲ."

ರಬ್ಬರಿನ ಅಂಚು ಒಂದಿಷ್ಟೂ ಸವೆದಿಲ್ಲ. ಶಾಯಿಯ ಕಲೆ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಒತ್ತಿಲ್ಲ! "ಕಂಡೆ" ಮೊಹರುಗಳು ನನ್ನ ಕಾಲದಲ್ಲೇ ಏಳು ಸವೆದಿವೆ.

ನಿಯಮ ಆರು, ಮೇಷ್ಟ್ರೇ ಬರೆದದ್ದು: "ಕಾಣಲಿಲ್ಲ" ಎಂದು ಒತ್ತಿದ ಕಾರ್ಡಿನ ಲೇಖನ ಅಲ್ಲಿಯೇ ನಿಲ್ಲತಕ್ಕದ್ದು. ಬೇರೊಬ್ಬರು ಆ ಪುಟವನ್ನು ಒತ್ತಿದವರ ಎದುರಿಗೇ ತೆರೆದು ತೋರಿಸಿದ ಹೊರತು ಯಾರೂ, ಪ್ರಧಾನ ಸಂಪಾದಕರೂ, ಅದನ್ನು ಮುಂದಕ್ಕೆ ಕಳುಹಿಸತಕ್ಕದ್ದಲ್ಲ.

ಪ್ರಧಾನ ಸಂಪಾದಕರೂ! ಆಗ ಮೇಷ್ಟ್ರಿಗೆ ನಲವತ್ತಾರು. ಈಗಿನ ನನ್ನ ವಯಸ್ಸು. ಎಂಥಾ ಮನುಷ್ಯ.

ಇವತ್ತೇ ಒತ್ತಬಹುದು. ಆದರೆ ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು.


ಶನಿವಾರ, ಮಾರ್ಚ್ 8. ಮಧ್ಯಾಹ್ನ 3

ಮೇಷ್ಟ್ರ ಮನೆಯಿಂದ ಈಗ ಬಂದೆ.

ಕಿಟಕಿ ಪಕ್ಕ ಕೂತು ಸನ್ಮಾನದ ದಿನದ ಭಾಷಣ ತಿದ್ದುತ್ತಿದ್ದರು, ಭೂತಗನ್ನಡಿ ಹಿಡಿದು. "ಬಾಮ್ಮ. 'ಕೃತಜ್ಞತೆ' ಆರು ಸಲ ಬಂದಿದೆ, ನಾಲ್ಕು ಹೊಡೆದುಹಾಕು." ಹೊಡೆದುಹಾಕಿದೆ. ಆಮೇಲೆ ವಿಷಯ ತೆಗೆದೆ.

ಇನ್ನೂರ ಹದಿನಾಲ್ಕು ಅನ್ನುತ್ತಿದ್ದಂತೆ ಪೂರ್ತಿ ವಾಕ್ಯ ಬಾಯಲ್ಲೇ ಹೇಳಿದರು. ಇಪ್ಪತ್ತೊಂದು ವರ್ಷ ಆಗಿದೆ! ಒಂದು ಅಕ್ಷರ ತಪ್ಪಲಿಲ್ಲ. ದನಿಯಲ್ಲಿ ಮಗುವನ್ನು ಎತ್ತಿ ತೋರಿಸುವ ಹೆಮ್ಮೆ.

"ಆ ಪುಟ ಇಲ್ಲ ಸಾರ್. ಪುಸ್ತಕ ಇನ್ನೂರ ತೊಂಬತ್ತಕ್ಕೇ ಮುಗಿಯತ್ತೆ."

"ನಾನು ಕಂಡಿದ್ದೀನಿ."

"ಎಲ್ಲಿ ಸಾರ್?"

ಭೂತಗನ್ನಡಿ ಕೆಳಗಿಟ್ಟರು. "ನಿನಗೆ ಅಕ್ಷರ ತಿದ್ದಿದ್ದು ನಾನು. ಕಾಮಾ ಎಲ್ಲಿ ಹಾಕ್ಬೇಕು ಅಂತ ಗೊತ್ತಿರ್ಲಿಲ್ಲ ನಿನಗೆ."

"ನೋಡಿ ಒತ್ತು ಅಂತ ಕಲಿಸಿದ್ದೂ ನೀವೇ ಸಾರ್. ನೋಡದೆ ಒತ್ತಿಸಿದ್ದೂ ನೀವೇ. ನಾನು ಎರಡೂ ಮಾಡ್ದೆ. ಈಗ ಒಂದನ್ನೇ ಮಾಡ್ಬೇಕು ಅಂತಿದೀನಿ."

"ಇಪ್ಪತ್ತೊಂದು ವರ್ಷ ಯಾರೂ ಕೇಳ್ಲಿಲ್ಲ."

"ಕೇಳ್ಬೇಕಾದವಳು ನಾನೇ. ತಡ ಆಯ್ತು."

"ಬಿಡುಗಡೆಗೆ ಹನ್ನೆರಡು ದಿನ ಇದೆ. ಅದೂ ಈಗ."

"ಹೌದು ಸಾರ್. ಈಗ."

ಮುಖ ಕಿಟಕಿಯ ಕಡೆ ತಿರುಗಿತು. ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ಗೇಟಿನ ಹತ್ತಿರ ಅಳು ಬಂತು. ಬಸ್ಸೂ ಬಂತು. ಬಸ್ಸು ಹತ್ತಿದೆ.


ಭಾನುವಾರ, ಮಾರ್ಚ್ 9

ಪ್ರಾಸ ಇಲ್ಲ.


ಸೋಮವಾರ, ಮಾರ್ಚ್ 10. ಬೆಳಗ್ಗೆ 11

ಒತ್ತಿದೆ.

ಹೊಸ ರಬ್ಬರಿಗೆ ಶಾಯಿ ಹಿಡಿಯಲಿಲ್ಲ. ಮೊದಲ ಸಲ ಬರೀ "ಣಲಿ" ಅಂತ ಬಂತು, ರದ್ದಿ ಕಾಗದದ ಮೇಲೆ. ಎರಡನೇ ಸಲ ಅಂಗೈಯಿಂದ ಬಲವಾಗಿ. ಕಾರ್ಡ್ 214, ನನ್ನ ಹಳೆಯ ಬಾಲದ ಸಹಿಯ ಪಕ್ಕದಲ್ಲೇ—ಕಾಣಲಿಲ್ಲ. ಕೆಳಗೆ ಹೊಸ ಸಹಿ. ಬಾಲ ಇಲ್ಲ. ಪಕ್ಕದಲ್ಲಿ ಬರೆದೆ: "ಆಗಲೂ ಕಂಡಿರಲಿಲ್ಲ."

ಟಪ್ ಟಪ್ ಒಂದು ಕ್ಷಣ ನಿಂತಿತು. ಭೂಗೋಳ ಎದ್ದು ಬಂದು ಕಾರ್ಡ್ ನೋಡಿದರು. "ಈ ಮೊಹರು ನಮ್ಮಲ್ಲಿತ್ತಾ?"

"ಮೊದಲಿಂದಲೂ."

"ಥೂ" ಅಂದರು. ನನಗೋ, ಮೊಹರಿಗೋ, ತಮಗೋ ಗೊತ್ತಾಗಲಿಲ್ಲ.

ಕಂಡೆ ಕಂಡೆ ಎನ್ನುತ್ತ ಕುರುಡಾಯ್ತು ಊರು;
ಕಾಣೆನೆಂದವಳಿಗೆ ಕಣ್ಣು ಬಂದೀತು ಚೂರು.


ಮಂಗಳವಾರ, ಮಾರ್ಚ್ 11

ಎ.ಸಿ. ಕೋಣೆ, ಹತ್ತು ನಿಮಿಷ. ನಿರ್ದೇಶಕರು ನಿಂತೇ ಇದ್ದರು.

"ಈ ಕಾರ್ಡ್ ಹರಿದುಹಾಕಿದ್ರೆ?"

"ಹರಿದದ್ದನ್ನ ನಾನು ಕಂಡೆ ಅಂತ ಒತ್ತಬೇಕಾಗತ್ತೆ ಸಾರ್."

"ಭೂಗೋಳದವರ ಕೈಲಿ ಒತ್ತಿಸ್ತೀನಿ."

ನಿಯಮ ಆರು ಓದಿ ಹೇಳಿದೆ. ಪುಸ್ತಿಕೆ ಕಿತ್ತುಕೊಂಡು ಅವರೇ ಓದಿದರು. "ಯಾರು ಬರೆದದ್ದು ಇದನ್ನ?"

"ಸನ್ಮಾನ ಯಾರಿಗೋ ಅವರೇ."

ಫೋನೆತ್ತಿದರು. ನನ್ನೆದುರಿಗೇ ಮೇಷ್ಟ್ರಿಗೆ. "ಸಾರ್, ಗುರುವಾರ ಕಾರು ಕಳಿಸ್ತೀನಿ. ತಾವೇ ಬಂದು ಆ ಪುಟ ತೋರಿಸಿಬಿಟ್ರೆ ಮುಗೀತು." ಆ ಕಡೆಯಿಂದ ಏನು ಅಂದರೋ ಕೇಳಿಸಲಿಲ್ಲ. ನಿರ್ದೇಶಕರು ನನ್ನ ಕಡೆ ನೋಡಿ ನಕ್ಕರು. "ಬರ್ತಾರಂತೆ." ಫೋನಿಟ್ಟರು. "ಮಾರ್ಚ್ ಮೂವತ್ತೊಂದು ಹತ್ರ ಬಂತು ಮೇಡಂ."

"ಗೊತ್ತು ಸಾರ್. ಆಧಾರ: ಕ್ಯಾಲೆಂಡರ್, ಗೋಡೆ ಮೇಲೆ. ಕಂಡೆ."

ಹೊರಗೆ ಬಂದು ನೇರ ಮೇಜಿಗೆ ಹೋಗಿ ಇನ್ನೊಂದು ಕಾರ್ಡ್ ತೆಗೆದೆ.

ಅತ್ತೆಗೆ ಹೇಳಿದೆ, ಕೆಲಸ ಹೋಗಬಹುದು ಅಂತ. "ಹೋದ್ರೆ ಹೋಗ್ಲಿ. ಕೈಯಾದ್ರೂ ಬೆಳ್ಳಗಾಗತ್ತೆ." ಆಮೇಲೆ ಒಳಗಿನಿಂದಲೇ— "ಗುರುವಾರ ಆ ಹಸಿರು ಬಟ್ಟೆ ಹಾಕ್ಕೊಂಡು ಹೋಗು. ತಪ್ಪು ಮಾಡಿದೋಳ ಥರ ಬೂದಿ ಬಣ್ಣ ಬೇಡ."


ಗುರುವಾರ, ಮಾರ್ಚ್ 13. ಸಂಜೆ 5

ಕ್ರಮವಾಗಿ ಬರೆಯುತ್ತೇನೆ. ಮರೆಯಬಾರದು.

ಹನ್ನೊಂದೂವರೆಗೆ ಮೇಷ್ಟ್ರು ಬಂದರು. ನಮ್ಮ ಉದ್ದನೆಯ ಮೇಜಿನ ತುದಿಯಲ್ಲಿ, ತಮ್ಮ ಹಳೆಯ ಜಾಗದಲ್ಲೇ ಕೂತರು. ಎಲ್ಲ ವಿಭಾಗದವರೂ ಸುತ್ತ. ನನ್ನ ಕಡೆ ನೋಡಲಿಲ್ಲ.

ನಿರ್ದೇಶಕರು: "ಸಾರ್, ತಾವು ಆ ಪುಟ ಕಂಡಿದ್ದೀರಿ ತಾನೆ? ಒಂದು ಮಾತು ಅಂದ್ಬಿಡಿ. ತಮ್ಮ ಮಾತಿಗಿಂತ ಆಧಾರ ಬೇಕೇ?"

ಮೇಷ್ಟ್ರು ಕೈ ಚಾಚಿದರು. ನಿರ್ದೇಶಕರ ಕಡೆಗಲ್ಲ. "ಪುಸ್ತಕ ತಂದಿದ್ದೀಯಾ?"

ಪೇಪರ್ ಬಿಚ್ಚಿ ಕೊಟ್ಟೆ. ಹಿಂದಿನಿಂದ ತೆರೆದರು. ರಟ್ಟು. ಖಾಲಿ ಹಾಳೆ. 290. ಭೂತಗನ್ನಡಿ ಇಟ್ಟು ಸಂಖ್ಯೆ ನೋಡಿದರು. ಆಮೇಲೆ ಪುಸ್ತಕ ಎತ್ತಿ ಬೆಳಕಿಗೆ ಹಿಡಿದು, ಹೊಲಿಗೆಯ ಸಂದಿಯಲ್ಲಿ ಹೆಬ್ಬೆರಳ ಉಗುರು ಆಡಿಸಿದರು, ಮೇಲಿಂದ ಕೆಳಗೆ, ನಿಧಾನ. ಹಾಳೆ ಹರಿದಿದ್ದರೆ ಅಲ್ಲಿ ಎಳೆ ಉಳಿದಿರುತ್ತದೆ. ಈ ಉಪಾಯ ನನಗೆ ಕಲಿಸಿದ್ದೂ ಅವರೇ. ಫಾದರ ಲೈಬ್ರರಿಯಲ್ಲಿ ನಾನೂ ಹಾಗೇ ಉಗುರು ಆಡಿಸಿದ್ದೆ.

"ಹರಿದಿಲ್ಲ" ಅಂದರು.

ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ಒಂದು ಭಾಷಣದಲ್ಲಿ ಕೇಳಿದ್ದು. ಪುಟದ ಸಂಖ್ಯೆ ಸಮೇತ ಹೇಳಿದ್ರು ಮಹಾನುಭಾವರು. ಬರ್ಕೊಂಡೆ. ವಾಕ್ಯ ನಾನೇ ಕಟ್ಟಿದ್ದು. ಚೆನ್ನಾಗಿ ಬಂತು." ಸ್ವಲ್ಪ ತಡೆದು— "ಕಂಡಿರ್ಲಿಲ್ಲ."

ನಿರ್ದೇಶಕರು ಏನೋ ಶುರುಮಾಡಿದರು, ವಯಸ್ಸು, ನೆನಪು ಅಂತ. ಮೇಷ್ಟ್ರು ಕೈ ಎತ್ತಿದರು, ಕ್ಲಾಸಿನಲ್ಲಿ ಎತ್ತುತ್ತಿದ್ದ ಹಾಗೆ. ನಿಂತಿತು. ನನ್ನ ಅಡಿಟಿಪ್ಪಣಿಯ ಕಾರ್ಡ್ ಕೇಳಿದರು. ಓದಿದರು. ಹುಬ್ಬು ಗಂಟು.

"ಬರೀ ನಿನ್ನ ತಪ್ಪು ಅಂತ ಬರ್ಕೊಂಡಿದ್ದೀಯಲ್ಲ. ಇದೇನು ದೊಡ್ಡಸ್ತಿಕೆ? ಬರೆದವನು ನಾನು. ನನ್ನ ಹೆಸರು ಹಾಕು, ಮೊದಲು. ಆಮೇಲೆ ನಿಂದು."

"ಹಾಕ್ತೀನಿ ಸಾರ್."

"'ಪರಿಶೀಲಕಿ' ಆದ ಮೇಲೆ ಕಾಮಾ ಬೇಡ."

"ಹಾಕಿಲ್ಲ ಸಾರ್."

"ಹಾಕ್ತಿದ್ದೆ."

ಅಷ್ಟೇ. ಕಾರು ಹತ್ತುವಾಗ ನನ್ನ ತೋಳು ಹಿಡಿದುಕೊಂಡರು. ಆಸರೆಗೆ ಇರಬೇಕು. ಕಾರಿನೊಳಗೆ ಕೂತಮೇಲೂ ಒಂದು ಕ್ಷಣ ಬಿಡಲಿಲ್ಲ.

ನಿರ್ದೇಶಕರು ಬಾಗಿಲು ಹಾಕಿಕೊಂಡಿದ್ದಾರೆ. ರಿನ್ಯೂವಲ್ ಕಾಗದ ಅವರ ಮೇಜಿನ ಮೇಲೇ ಇದೆ. ಬರುತ್ತದೋ ಇಲ್ಲವೋ. ಹೆದರಿಕೆ ಇದೆ, ಇಲ್ಲ ಅಂದರೆ ಸುಳ್ಳು. ಆದರೆ ನೋಡದ್ದನ್ನು ಒತ್ತಿಸಿಕೊಳ್ಳುವ ಕಾಗದವಾದರೆ ಬರುವುದೇ ಬೇಡ.


ಶುಕ್ರವಾರ, ಮಾರ್ಚ್ 14. ಬೆಳಗ್ಗೆ 10.20, ಆಫೀಸು

ಸಿಂಹಗಳು ಹೋದವು. ಹದಿನಾರು ಕಾರ್ಡ್ ಅಚ್ಚಿಗೆ ಹೋದವು, ಮೇಷ್ಟ್ರ ಹೆಸರಿನ ಅಡಿಟಿಪ್ಪಣಿ ಸಮೇತ. ಕಾಮಾ ಇಲ್ಲ.

ಸಂಪುಟದಲ್ಲಿ ನಾನು ಇನ್ನೂ ನೋಡದ ಕಾರ್ಡ್ ಮುನ್ನೂರರ ಮೇಲಿವೆ. 20ಕ್ಕೆ ಆಗುವುದಿಲ್ಲ. ಆಗುವುದಿಲ್ಲ ಅಂತ ಬರೆದು ಕೊಟ್ಟೆ, ಸಹಿ ಹಾಕಿ. ಕೆಲಸ ಇರುವವರೆಗೆ ಹೀಗೇ.

ಮುಂದಿನದು 287. ರೋಮಿನ ರಸ್ತೆಗಳ ಒಟ್ಟು ಉದ್ದ. ಆಧಾರದ ಪುಸ್ತಕ ಬೀರುವಿನಲ್ಲಿದೆ. ಪುಟವೂ ಇದೆ. ಆದರೆ ಆ ಪುಟದಲ್ಲಿ ರಸ್ತೆ ಇಲ್ಲ, ಬರೀ ಸ್ನಾನದ ಮನೆಗಳು. ಸರಿ.

"ಕಾಣಲಿಲ್ಲ" ಮೊಹರಿಗೆ ಕೈ ಹಾಕಿದೆ. ಡಬ್ಬಿ ಖಾಲಿ.

ಮೇಜಿನ ಮೇಲಿಲ್ಲ, ಕೆಳಗಿಲ್ಲ, ಡ್ರಾಯರಿನಲ್ಲಿಲ್ಲ. ನಿರ್ದೇಶಕರು ಎತ್ತಿಸಿಬಿಟ್ಟರು ಅಂದುಕೊಂಡೆ. ಮೈ ಉರಿಯಿತು. ಎತ್ತಿಸಲಿ, ಕೈಯಲ್ಲೇ ಬರೆಯುತ್ತೇನೆ, ಆರುನೂರ ಹನ್ನೊಂದು ಸಲ ಬೇಕಾದರೂ—

ಟಪ್.

ಪಕ್ಕದ ಮೇಜು. ಭೂಗೋಳದ ಬೀರು ತೆರೆದಿದೆ. ಪುಸ್ತಕಗಳು ನೆಲದ ಮೇಲೆ. ಅವರ ಟೀ ಆರಿ ಕೆನೆ ಕಟ್ಟಿದೆ. ತಲೆ ಎತ್ತದೆ ಅಂದರು—

"ತಡೀರಿ ಪ್ರಾಸಕ್ಕ. ಇನ್ನು ನಾಲ್ಕು ನದಿ ಇದೆ. ಆಮೇಲೆ ಪ್ರಾಣಿಶಾಸ್ತ್ರದವರು ಕೇಳಿದ್ದಾರೆ, ಅವರ ನಂತರ—"

ಎದ್ದು ನೋಡಿದರೆ ಅವರ ಮೇಜಿನಿಂದ ಬಾಗಿಲವರೆಗೆ ಕ್ಯೂ, ಎಲ್ಲರ ಕೈಯಲ್ಲೂ ಕಾರ್ಡ್. 287 ಹಿಡಿದು ಕೊನೆಯಲ್ಲಿ ನಾನೂ ನಿಂತೆ.